ಬೇಸಿಗೆ ಕೊನೆಯ ತರಕಾರಿ ತೋಟ: ಉದುರುವ ಹೂ, ಮುದುರುವ ಎಲೆ, ಬಿರಿಯುವ ಹಣ್ಣು

ಪ್ರಶ್ನೆ: ಮಾಲೂರು ತಾಲ್ಲೂಕಿನಲ್ಲಿ ನಮ್ಮದು ಒಂದೂಕಾಲು ಎಕರೆ ಕೆಂಪುಮಣ್ಣಿನ ಸಾವಯವ ತೋಟ. ಅರ್ಧ ಎಕರೆ ಟೊಮೆಟೊ, ಉಳಿದದ್ದರಲ್ಲಿ ಮೆಣಸಿನಕಾಯಿ, ಹೀರೆ, ಬೀನ್ಸ್, ಸೊಪ್ಪು. ಏಪ್ರಿಲ್ ಕೊನೆಯಿಂದ ಟೊಮೆಟೊ ಹೂ ಕಚ್ಚದೆ ಉದುರುತ್ತಿದೆ. ಮೆಣಸಿನ ಎಲೆ ಮುದುರಿದೆ. ಬೋರ್‌ವೆಲ್ ನೀರು ಅರ್ಧಕ್ಕಿಳಿದಿದೆ. ಮೊನ್ನೆ ಸಂಜೆಯ ಗಾಳಿಮಳೆಗೆ ಎರಡು ಸಾಲು ಮಲಗಿದವು, ಮರುದಿನವೇ ಹಣ್ಣು ಬಿರಿಯತೊಡಗಿತು, ಈಗ ಅಲ್ಲಲ್ಲಿ ಗಿಡ ಹಸಿರಾಗಿದ್ದೇ ಬಾಡುತ್ತಿದೆ. ಏನು ಹೊಡೆಯಬೇಕು? ಮುಂಗಾರಿಗೆ ಈಗಲೇ ಸಸಿ ತರಬಹುದೆ?

ಉತ್ತರ: ನೀವು ಹೇಳಿದ ತೊಂದರೆಗಳಲ್ಲಿ ಸಿಂಪಡಣೆಗೆ ಬಗ್ಗುವುದು ಮೆಣಸಿನ ಮುದುರು ಮಾತ್ರ, ಅದೂ ಸ್ವಲ್ಪ ಮಟ್ಟಿಗೆ. ಹೂ ಉದುರುವುದಕ್ಕೆ ಬಿಸಿ ಕಾರಣ, ಹಣ್ಣು ಬಿರಿಯುವುದಕ್ಕೆ ನೀರಿನ ಏರುಪೇರು, ಸಾಲು ಮಲಗುವುದಕ್ಕೆ ಕಂಬ, ಹಸಿರು ಗಿಡ ಬಾಡುವುದಕ್ಕೆ ಬಹುಮಟ್ಟಿಗೆ ಮಣ್ಣಿನೊಳಗಿನ ರೋಗ. ಹಾಗಾಗಿ ಪಂಪು ಹೆಗಲಿಗೇರಿಸುವ ಮೊದಲು ಒಂದು ಗುದ್ದಲಿ, ಒಂದು ಬಕೆಟ್, ಒಂದು ಗಾಜಿನ ಲೋಟ ಹಿಡಿದು ತೋಟ ಸುತ್ತಿ ಬನ್ನಿ. ಮೊದಲು ನೋಡಬೇಕಾದ್ದು ಬಾಡುತ್ತಿರುವ ಗಿಡಗಳನ್ನು. ಉಳಿದದ್ದಕ್ಕೆ ಒಂದು ವಾರ ತಡವಾದರೂ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ಬಾಡಿದ ಒಂದು ಟೊಮೆಟೊ ಗಿಡವನ್ನು ನೆಲದಿಂದ ಎರಡು ಇಂಚು ಮೇಲೆ ಕತ್ತರಿಸಿ. ಬುಡದ ಕಡೆಯ ಮೂರಿಂಚಿನ ತುಂಡನ್ನು ಲೋಟದ ತಿಳಿನೀರಿನಲ್ಲಿ, ತುದಿ ಮಾತ್ರ ಮುಳುಗುವಂತೆ, ಅಲುಗಾಡಿಸದೆ ಹಿಡಿದುಕೊಳ್ಳಿ. ಐದು ನಿಮಿಷದೊಳಗೆ ಕತ್ತರಿಸಿದ ಜಾಗದಿಂದ ಹಾಲಿನಂಥ ಸಣ್ಣ ಎಳೆ ನೇರ ಕೆಳಗಿಳಿಯುತ್ತದೆಯೇ ಎಂದು ಬೆಳಕಿಗೆ ಎದುರಾಗಿ ನೋಡಿ. ಇಳಿದರೆ ಅದು ದುಂಡಾಣು ಸೊರಗು ರೋಗ, ರಾಲ್‌ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾದ್ದು. ಕಾದ ಮಣ್ಣಿಗೆ ಮಳೆನೀರು ಇಳಿದಾಗ ಅದು ವೇಗವಾಗಿ ಹೆಚ್ಚುತ್ತದೆ, ಬೇರಿನ ಗಾಯಗಳ ಮೂಲಕ ಒಳಹೊಕ್ಕು ನೀರು ಸಾಗಿಸುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಎಲೆ ಹಳದಿಯಾಗುವಷ್ಟು ಪುರಸೊತ್ತೂ ಇಲ್ಲದೆ ಗಿಡ ಹಸಿರಾಗಿಯೇ ಜೋಲುವುದು ಅದಕ್ಕೇ.

ಎಳೆ ಕಾಣದಿದ್ದರೆ ಗಿಡವನ್ನು ಬೇರುಸಹಿತ ಕಿತ್ತು ನೋಡಿ. ಬೇರಿನ ತುಂಬ ಗಂಟುಗಳಿದ್ದರೆ ಮಣ್ಣಿನ ಜಂತುಹುಳು (ನೆಮಟೋಡ್). ಬುಡದಲ್ಲಿ ಬಿಳಿ ಬೂಷ್ಟು, ಅದರ ಮೇಲೆ ಸಾಸಿವೆ ಗಾತ್ರದ ಕಂದು ಕಾಳುಗಳಿದ್ದರೆ ಸ್ಕ್ಲೆರೋಷಿಯಂ ಬುಡಕೊಳೆ. ಕೆಳಗಿನ ಎಲೆಗಳು ಮೊದಲು ಹಳದಿಯಾಗಿ, ಕಾಂಡ ಸೀಳಿದಾಗ ಒಳಗೆ ಕಂದು ಗೆರೆ ಕಂಡರೆ ಫ್ಯುಸೇರಿಯಂ ಸೊರಗು. ಈ ಮೂರರಲ್ಲೂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ, ಬೇವಿನ ಹಿಂಡಿಗಳಿಂದ ಮುಂದಿನ ಬೆಳೆಗೆ ಒಳ್ಳೆಯದಾಗುತ್ತದೆ. ದುಂಡಾಣು ಸೊರಗಾದರೆ ನಿಂತ ಗಿಡಕ್ಕೆ ಔಷಧಿಯಿಲ್ಲ. ಸ್ಟ್ರೆಪ್ಟೋಸೈಕ್ಲಿನ್ ಸುರಿಯಿರಿ ಎಂದು ಯಾರಾದರೂ ಹೇಳಿಯಾರು. ಆಂಟಿಬಯೋಟಿಕ್‌ಗೆ ಸಾವಯವದಲ್ಲಿ ಜಾಗವಿಲ್ಲ, ಸುರಿದರೂ ಬಾಡಿದ ಗಿಡ ಏಳುವುದಿಲ್ಲ.

ಮಾಡಬೇಕಾದ್ದು ಇಷ್ಟು: ರೋಗದ ಗಿಡವನ್ನು ಸುತ್ತಲಿನ ಅರ್ಧ ಅಡಿ ಮಣ್ಣಿನ ಹೆಂಟೆಯ ಸಮೇತ ಎತ್ತಿ ಚೀಲಕ್ಕೆ ಹಾಕಿ ತೋಟದ ಹೊರಗೆ ಸುಡಿ. ತಿಪ್ಪೆಗೆ ಹಾಕಬೇಡಿ. ಗುಂಡಿಗೆ ಒಂದು ಹಿಡಿ ಸುಣ್ಣ ಎರಚಿ, ಅಲ್ಲಿನ ಡ್ರಿಪ್ಪರ್ ಬಂದ್ ಮಾಡಿ. ಆ ಸಾಲಿನಲ್ಲಿ ಕಳೆ ಕೀಳುವುದು, ಮಣ್ಣು ಏರಿಸುವುದು ಬೇಡ, ಬೇರಿಗೆ ಗಾಯವಾದಷ್ಟೂ ರೋಗಕ್ಕೆ ಬಾಗಿಲು. ಕೊಯ್ಲನ್ನು ಆರೋಗ್ಯವಾದ ಸಾಲುಗಳಿಂದ ಶುರು ಮಾಡಿ ರೋಗದ ಸಾಲಿಗೆ ಕೊನೆಗೆ ಬನ್ನಿ, ಕುಡುಗೋಲು ತೊಳೆದಿಡಿ. ಒಂದು ಸಾಲಿನಲ್ಲಿ ಹತ್ತಕ್ಕೆ ಮೂರು ಗಿಡ ಹೋಗಿದ್ದರೆ ಆ ಸಾಲಿನ ಆಸೆ ಬಿಟ್ಟು ವಾಲ್ವ್ ಮುಚ್ಚಿ. ಆ ನೀರು ಬೇರೆ ಸಾಲನ್ನು ಉಳಿಸುತ್ತದೆ. ಆ ಜಾಗದಲ್ಲಿ ಎರಡು ಮೂರು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಯಾವುದೂ ಬೇಡ. ರಾಗಿ, ಜೋಳ, ಮುಸುಕಿನ ಜೋಳ ಹಾಕಿ. ಟೊಮೆಟೊ ಬೆಳೆಯಲೇಬೇಕೆಂದರೆ ಬದನೆ ಬೇರುಗಿಡಕ್ಕೆ ಕಸಿ ಕಟ್ಟಿದ ಸಸಿ, ಇಲ್ಲವೇ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್, ಅರ್ಕಾ ಅಭೇದ್‌ನಂಥ ರೋಗ ತಡೆಯುವ ತಳಿಗಳು. ಇವೆರಡೂ ದುಂಡಾಣು ಸೊರಗಿನ ಜೊತೆಗೆ ಎಲೆ ಮುದುರು ನಂಜು, ಎಲೆ ಅಂಗಮಾರಿಯನ್ನೂ ತಡೆದುಕೊಳ್ಳುತ್ತವೆ.

ಇನ್ನು ನೀರು. ಮೋಟರು ಹಾಕಿ ಹತ್ತು ನಿಮಿಷ ಬಿಟ್ಟು 20 ಲೀಟರ್ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ನೋಡಿ. 40 ಸೆಕೆಂಡ್ ಎಂದುಕೊಳ್ಳೋಣ, ಗಂಟೆಗೆ 1,800 ಲೀಟರ್ ಆಯಿತು. ತ್ರೀ ಫೇಸ್ ಕರೆಂಟು ದಿನಕ್ಕೆ 7 ಗಂಟೆ ಸಿಕ್ಕರೆ ನಿಮ್ಮ ಕೈಲಿರುವುದು 12,600 ಲೀಟರ್. ಎರಡು ಗಂಟೆ ಓಡಿದ ಮೇಲೂ ಇನ್ನೊಮ್ಮೆ ಬಕೆಟ್ ಹಿಡಿಯಿರಿ. ಬೇಸಿಗೆ ಕೊನೆಯಲ್ಲಿ ಬೋರ್‌ವೆಲ್ ಮೊದಲ ಗಂಟೆಯಲ್ಲಿ ಕೊಟ್ಟಷ್ಟು ಮೂರನೆಯ ಗಂಟೆಯಲ್ಲಿ ಕೊಡದೇ ಇರಬಹುದು, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಖರ್ಚಿನ ಕಡೆ ನೋಡಿ. ನಾಲ್ಕಡಿ ಸಾಲು, ಒಂದೂವರೆ ಅಡಿ ಗಿಡದ ಅಂತರದಲ್ಲಿ ಅರ್ಧ ಎಕರೆಗೆ ಸುಮಾರು 3,600 ಟೊಮೆಟೊ ಗಿಡ. ಕಾಯಿ ತುಂಬಿದ ಗಿಡಕ್ಕೆ ಮೇ ತಿಂಗಳ ಬಿಸಿಲಿನಲ್ಲಿ ಬುಡಕ್ಕೆ ಹುಲ್ಲು, ತರಗಿನ ಮುಚ್ಚಿಗೆ ಇದ್ದರೂ ದಿನಕ್ಕೆ ಎರಡು ಲೀಟರ್ ಬೇಕು, ಅಂದರೆ 7,200 ಲೀಟರ್. ಸೊಪ್ಪಿನ ಮಡಿಯಲ್ಲಿ ಚದರ ಮೀಟರಿಗೆ ದಿನಕ್ಕೆ ಆರೇಳು ಲೀಟರ್ ಆರಿಹೋಗುತ್ತದೆ. ಒಂದು ಗುಂಟೆ ಸೊಪ್ಪಿಗೆ 600ರಿಂದ 700 ಲೀಟರ್ ಎಂದಾಯಿತು. ಐದು ಗುಂಟೆ ಸೊಪ್ಪು ಬಿತ್ತಿದ್ದರೆ ಮೆಣಸು, ಹೀರೆ, ಬೀನ್ಸ್‌ಗೆ ಉಳಿಯುವುದು ಎರಡು ಸಾವಿರ ಲೀಟರ್ ಆಸುಪಾಸು, ಸಾಲುವುದಿಲ್ಲ. ಇಲ್ಲಿ ನನ್ನ ಅಭಿಪ್ರಾಯ ಖಚಿತ: ಎಲ್ಲಕ್ಕೂ ಅರೆಹೊಟ್ಟೆ ನೀರು ಕೊಡುವುದಕ್ಕಿಂತ ಒಂದಷ್ಟನ್ನು ಕೈಬಿಟ್ಟು ಉಳಿದದ್ದಕ್ಕೆ ಪೂರ್ತಿ ಕೊಡಿ. ಮೊದಲು ಬಿಡಬೇಕಾದ್ದು ಬೀನ್ಸ್, ಈ ಬಿಸಿಯಲ್ಲಿ ಅದರ ಹೂವೂ ನಿಲ್ಲುವುದಿಲ್ಲ. ಆಮೇಲೆ ಕೊತ್ತಂಬರಿ, ಪಾಲಕ್. ಸೊಪ್ಪು ಬೇಕೇ ಬೇಕೆಂದರೆ ಎರಡು ಗುಂಟೆ ಹರಿವೆ, ದಂಟು ಇಟ್ಟುಕೊಳ್ಳಿ, ಅವು ಬಿಸಿಲಿಗೆ ಒಗ್ಗಿದವು. ಬೆಂಡೆ, ಗೋರಿಕಾಯಿ, ಅಲಸಂದೆಯೂ ಹಾಗೆಯೇ, ಮುಂದಿನ ವರ್ಷದ ಏಪ್ರಿಲ್–ಮೇ ತಿಂಗಳಿಗೆ ಯೋಜನೆ ಹಾಕುವಾಗ ನೆನಪಿಡಿ.

ಗಂಟೆಗೆ ಎರಡು ಲೀಟರಿನ ಡ್ರಿಪ್ಪರ್ ಗಿಡಕ್ಕೊಂದಿದ್ದರೆ ದಿನಕ್ಕೆ ಒಂದು ಗಂಟೆ. ಆ ಗಂಟೆಯನ್ನು ಬೆಳಗ್ಗೆ ಅರ್ಧ, ಸಂಜೆ ಅರ್ಧ ಮಾಡಿ. ಮರಳು ಮಿಶ್ರಿತ ಕೆಂಪುಮಣ್ಣು ಒಮ್ಮೆಗೆ ಕುಡಿಸಿದ ನೀರನ್ನು ಬೇರಿನ ಮಟ್ಟದಲ್ಲಿ ಹಿಡಿದಿಡುವುದಿಲ್ಲ, ಕೆಳಗಿಳಿಸಿಬಿಡುತ್ತದೆ. ಸಾಲಿಗೆ ತಕ್ಕಷ್ಟು ನೀರು ಹೋಯಿತೋ ಇಲ್ಲವೋ ತಿಳಿಯಲು ಡ್ರಿಪ್ಪರ್‌ನಿಂದ ನಾಲ್ಕಿಂಚು ಪಕ್ಕದಲ್ಲಿ ಅರ್ಧ ಅಡಿ ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ. ಉಂಡೆ ಕಟ್ಟಿ, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಉಂಡೆಯೇ ಆಗದಿದ್ದರೆ ಕಮ್ಮಿ, ಕೈಗೆ ಕೆಸರು ಅಂಟಿದರೆ ಜಾಸ್ತಿ. ಸಾಲಿನ ಮೊದಲ ಗಿಡದಲ್ಲೂ ಕೊನೆಯ ಗಿಡದಲ್ಲೂ ನೋಡಿ. ಕೊನೆಯಲ್ಲಿ ಒಣಗಿದ್ದರೆ ಲ್ಯಾಟರಲ್ (ಸಾಲಿನ ಡ್ರಿಪ್ ಪೈಪು) ತುದಿ ಬಿಚ್ಚಿ ನೀರು ತಿಳಿಯಾಗುವವರೆಗೆ ಹರಿಯಬಿಡಿ, ವಾರಕ್ಕೊಮ್ಮೆ ಇದು ಆಗಲೇಬೇಕು. ಡ್ರಿಪ್‌ನಲ್ಲಿ ಜೀವಾಮೃತ ಬಿಡುವವರಿದ್ದರೆ ಎರಡು ಪದರ ಬಟ್ಟೆಯಲ್ಲಿ ಸೋಸಿ, ಡಿಸ್ಕ್ ಫಿಲ್ಟರ್ ದಾಟಿಸಿ, ಕೊನೆಗೆ 20 ನಿಮಿಷ ಬರೀ ನೀರು ಬಿಡಿ. ಬೇಸಿಗೆಯಲ್ಲಿ ಡ್ರಿಪ್ಪರ್ ಕಟ್ಟಿಕೊಂಡ ಗಿಡ ಎರಡೇ ದಿನದಲ್ಲಿ ಒಣಗುತ್ತದೆ.

ಮುಚ್ಚಿಗೆ ಇಲ್ಲದಿದ್ದರೆ ಇವತ್ತೇ ಹಾಕಿ. ರಾಗಿ ಹುಲ್ಲು ದನಕ್ಕೆ ಬೇಕು, ಅದನ್ನು ಮುಟ್ಟಬೇಡಿ. ಭತ್ತದ ಹುಲ್ಲು, ಕಬ್ಬಿನ ತರಗು, ಒಣ ಎಲೆ, ಬದುವಿನ ಗ್ಲಿರಿಸಿಡಿಯಾ ಸೊಪ್ಪು ಯಾವುದಾದರೂ ಸರಿ. ಮೂರರಿಂದ ನಾಲ್ಕು ಇಂಚು ದಪ್ಪ, ಕಾಂಡದಿಂದ ಎರಡಿಂಚು ದೂರ. ಕಾಂಡಕ್ಕೆ ತಾಗಿಸಿದರೆ ಮಳೆ ಬಂದಾಗ ಬುಡಕೊಳೆ, ಬರದಿದ್ದರೆ ಗೆದ್ದಲು. ಮಳೆಯ ಹನಿ ಮಣ್ಣನ್ನು ಸಿಡಿಸಿ ಕೆಳಗಿನ ಎಲೆಗಳಿಗೆ ಅಂಗಮಾರಿ ಹತ್ತಿಸುವುದನ್ನೂ ಈ ಮುಚ್ಚಿಗೆ ತಪ್ಪಿಸುತ್ತದೆ.

ಹಣ್ಣು ಬಿರಿದದ್ದರ ಕಾರಣವೂ ಇಲ್ಲೇ ಇದೆ. ವಾರಗಟ್ಟಲೆ ನೀರಿನ ಕೊರತೆಯಲ್ಲಿ ಬೆಳೆದ ಹಣ್ಣಿನ ಸಿಪ್ಪೆ ಬಿಗಿಯಾಗಿರುತ್ತದೆ. ಒಮ್ಮೆಲೆ ಬೇರಿಗೆ ನೀರು ಸಿಕ್ಕಾಗ ಒಳಗಿನ ತಿರುಳು ಉಬ್ಬುತ್ತದೆ, ಸಿಪ್ಪೆ ಅದರ ಜೊತೆಗೆ ಹಿಗ್ಗಲಾರದೆ ತೊಟ್ಟಿನ ಸುತ್ತ ಸೀಳುತ್ತದೆ. ಕಾಯಿಯ ತುದಿಯಲ್ಲಿ ಕಪ್ಪಗೆ ಚರ್ಮದಂಥ ಕಲೆ ಬಿದ್ದಿದ್ದರೆ ಅದೂ ಇದೇ ಏರುಪೇರಿನ ಫಲ. ಮಣ್ಣಿನಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ಇದ್ದರೂ ನೀರಿನ ಹರಿವು ಕಡಿದು ಕಾಯಿಯ ತುದಿಗೆ ತಲುಪುವುದಿಲ್ಲ. ಅದಕ್ಕೆ ಕ್ಯಾಲ್ಸಿಯಂ ಹೊಡೆಯುವ ಬದಲು ನೀರನ್ನು ಸಮನಾಗಿ ಕೊಡಿ. ಮಧ್ಯಾಹ್ನ ಮೋಡ ಕಟ್ಟುವ ಲಕ್ಷಣ ಕಂಡ ದಿನ ಬೆಳಗ್ಗೆಯೇ ಬಣ್ಣ ತಿರುಗಿದ ಹಣ್ಣನ್ನೆಲ್ಲ ಕಿತ್ತುಬಿಡಿ. ತುದಿಯಲ್ಲಿ ಸ್ವಲ್ಪ ಕೆಂಪು ಮೂಡಿದ ಹಣ್ಣು ನೆರಳಿನಲ್ಲಿ ಮೂರು ನಾಲ್ಕು ದಿನದಲ್ಲಿ ತಾನೇ ಹಣ್ಣಾಗುತ್ತದೆ, ರುಚಿಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಬಿರಿಯುವುದು ಹೆಚ್ಚಾಗಿ ಗಿಡದಲ್ಲೇ ಕೆಂಪಾಗಲು ಬಿಟ್ಟ ಹಣ್ಣು.

ಹೂ ಉದುರುವ ಬಗ್ಗೆ. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 22–23ಕ್ಕಿಂತ ಕೆಳಗೆ ಇಳಿಯದಿದ್ದರೆ ಟೊಮೆಟೊ ಪರಾಗ ಕೆಲಸಕ್ಕೆ ಬಾರದಂತಾಗುತ್ತದೆ. ರಾತ್ರಿಯ ಬಿಸಿಯೇ ಇದರಲ್ಲಿ ಹೆಚ್ಚು ಕಾಡುವುದು. ಹೂ ಉದುರದಂತೆ ತಡೆಯುವ ಹಾರ್ಮೋನು ಸಾವಯವಕ್ಕೆ ಸಲ್ಲದು. ಒಂದೆರಡು ಒಳ್ಳೆಯ ಮಳೆ ಬಿದ್ದು ರಾತ್ರಿ ತಂಪಾದರೆ ಹೊಸ ಹೂ ತಾನೇ ಕಚ್ಚುತ್ತದೆ, ಅಲ್ಲಿಯವರೆಗೆ ಗಿಡ ಉಳಿಸಿಕೊಳ್ಳುವುದೇ ಕೆಲಸ. ಈಗ ಕೆಳಗಿನ ಎಲೆ ಸವರಬೇಡಿ. ಎಲೆಯ ನೆರಳು ತಪ್ಪಿದ ಕಾಯಿಗೆ ಬಿಸಿಲು ಹೊಡೆದು ಬಿಳಿ ಮಚ್ಚೆ ಬೀಳುತ್ತದೆ. ಗಂಜಲ, ಕೋಳಿಗೊಬ್ಬರದಂಥ ಸಾರಜನಕದ ಗೊಬ್ಬರವನ್ನೂ ನಿಲ್ಲಿಸಿ, ಎಳೆ ಚಿಗುರು ಬಂದಷ್ಟೂ ರಸ ಹೀರುವ ಕೀಟಗಳಿಗೆ ಹಬ್ಬ. ನೆರಳು ಬಲೆ ಇದ್ದರೆ ಟೊಮೆಟೊಗೆ 35 ಪರ್ಸೆಂಟ್, ಸೊಪ್ಪಿಗೆ 50 ಪರ್ಸೆಂಟ್. ಗಿಡದ ನೆತ್ತಿಯಿಂದ ಕನಿಷ್ಠ ಎರಡಡಿ ಎತ್ತರದಲ್ಲಿ ಕಟ್ಟಿ, ಗಾಳಿ ಎದ್ದಾಗ ಹತ್ತು ನಿಮಿಷದಲ್ಲಿ ಒಂದು ಕಡೆಗೆ ಎಳೆದುಬಿಡುವಂತೆ ಕ್ಲಿಪ್ ಹಾಕಿ. ಬಿಗಿದು ಕಟ್ಟಿದ ಬಲೆ ಬಿರುಗಾಳಿಗೆ ಹಾಯಿಯಾಗಿ ಕಂಬಗಳನ್ನೂ ಎಳೆದೊಯ್ಯುತ್ತದೆ. ಹೀರೆಯಲ್ಲಿ ಬರೀ ಗಂಡು ಹೂ ಕಾಣುತ್ತಿದ್ದರೆ ಅದೂ ಬಿಸಿಲಿನ ಕೆಲಸವೇ, ತಂಪಾದಾಗ ಹೆಣ್ಣು ಹೂ ಬರುತ್ತದೆ.

ಮೆಣಸಿನ ಎಲೆ ಮುದುರಿನಲ್ಲಿ ಯಾವ ಕಡೆಗೆ ಮುದುರಿದೆ ಎಂಬುದನ್ನು ಮೊದಲು ನೋಡಿ. ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಅಂಚು ಕೆಳಕ್ಕೆ ಬಾಗಿ, ಎಲೆ ಕಿರಿದಾಗಿ, ತೊಟ್ಟು ಇಲಿ ಬಾಲದಂತೆ ಉದ್ದವಾಗಿದ್ದರೆ ಮೈಟ್ ನುಸಿ. ಎರಡೂ ಒಟ್ಟಿಗೇ ಇರುವುದು ಸಾಮಾನ್ಯ, ಆಗ ಎಲೆ ಅಡ್ಡಾದಿಡ್ಡಿ ಸೊಟ್ಟಗಾಗಿರುತ್ತದೆ. ಎಲೆ ಸಣ್ಣದಾಗಿ, ನರಗಳ ನಡುವೆ ಹಳದಿಯಾಗಿ, ಗಿಡ ಪೊದೆಯಂತೆ ಗಿಡ್ಡವಾದರೆ ಬಿಳಿನೊಣ ತಂದ ನಂಜು ರೋಗ, ಆ ಗಿಡ ಕೀಳಬೇಕು. ಟೊಮೆಟೊದಲ್ಲಿ ಕೆಳಗಿನ ದಪ್ಪ ಎಲೆಗಳು ಮಾತ್ರ ಕೊಳವೆಯಂತೆ ಸುರುಳಿಯಾಗಿ ಸುಳಿ ಚೆನ್ನಾಗಿದ್ದರೆ ಅದು ಬಿಸಿಲಿಗೆ ಗಿಡ ಮಾಡಿಕೊಂಡ ರಕ್ಷಣೆ, ಏನೂ ಮಾಡಬೇಕಾಗಿಲ್ಲ. ಸುಳಿಯ ಎಳೆ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿ ಸುಟ್ಟಂತಾದರೆ, ಹಣ್ಣಿನ ಮೇಲೆ ಉಂಗುರದ ಮಚ್ಚೆ ಬಿದ್ದರೆ ಥ್ರಿಪ್ಸ್ ಹರಡುವ ಮೊಗ್ಗು ಸಾಯುವ ನಂಜು. ಅದನ್ನೂ ಕಂಡ ಕೂಡಲೇ ಕೀಳಿ.

ಥ್ರಿಪ್ಸ್‌ಗೆ ಬೇವಿನ ಬೀಜದ ಕಷಾಯ: 5 ಕೆ.ಜಿ. ಬೀಜದ ತಿರುಳು ಕುಟ್ಟಿ ಬಟ್ಟೆಯಲ್ಲಿ ಕಟ್ಟಿ ಹತ್ತು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಹಿಂಡಿ ಸೋಸಿ, 100 ಲೀಟರಿಗೆ ಏರಿಸಿ, 100 ಗ್ರಾಂ ಸಾಬೂನು ಕರಗಿಸಿ ಸೇರಿಸಿ. ಸಿದ್ಧ ಬೇವಿನ ಸಾಬೂನು ಆದರೆ ಪ್ಯಾಕೆಟ್ ಮೇಲಿನ ಪ್ರಮಾಣ. ನಿಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಸಾಬೂನು ಒಡೆದು ಕೆನೆ ಕಟ್ಟೀತು. ಮೊದಲು ಒಂದು ಬಾಟಲಿಯಲ್ಲಿ ಕಲಸಿ ನೋಡಿ, ಕೆನೆ ಕಟ್ಟಿದರೆ ಮಳೆನೀರು ಹಿಡಿದಿಟ್ಟು ಬಳಸಿ. ಸಂಜೆ ಐದರ ಮೇಲೆ, ಎಲೆಯ ಅಡಿಭಾಗ ತೋಯುವಂತೆ ಹೊಡೆಯಿರಿ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುತ್ತದೆ, ನಡುಹಗಲು ಹೊಡೆದರೆ ಎಲೆಯೂ ಸುಡುತ್ತದೆ. ಏಳು ದಿನಕ್ಕೊಮ್ಮೆ, ಮೂರು ಬಾರಿ. ಮೈಟ್‌ಗೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಆದರೆ 32 ಡಿಗ್ರಿ ಮೀರಿದ ದಿನ ಬೇಡ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಹೀರೆಯ ಚಪ್ಪರದ ಕಡೆ ಹಾರಿಸಲೂಬೇಡಿ, ಬಳ್ಳಿ ಬೆಳೆಗಳು ಗಂಧಕಕ್ಕೆ ಸುಡುತ್ತವೆ. ಸುಟ್ಟುಹೋದ, ಸೊಟ್ಟಗಾದ ಎಲೆ ಮತ್ತೆ ನೆಟ್ಟಗಾಗುವುದಿಲ್ಲ. ಹೊಸ ಚಿಗುರು ನೇರವಾಗಿ ಬಂದರೆ ಔಷಧಿ ಹತ್ತಿದೆ ಎಂದರ್ಥ. ಜೋರು ಮಳೆ ಎರಡು ಸಲ ಬಂದರೆ ಥ್ರಿಪ್ಸ್ ತಾನೇ ತೊಳೆದುಹೋಗುತ್ತದೆ, ಆಗ ಸುಮ್ಮನೆ ಹೊಡೆಯುತ್ತಾ ಹೋಗಬೇಡಿ.

ಅದೇ ಮಳೆ ಹಣ್ಣುನೊಣವನ್ನು ಎಬ್ಬಿಸುತ್ತದೆ. ಹೀರೆ ಚಪ್ಪರಕ್ಕೆ ಗಂಡು ನೊಣಗಳನ್ನು ಸೆಳೆದು ಹಿಡಿಯುವ ಕ್ಯೂ ಲೂರ್ ಬಲೆಗಳನ್ನು ಮೊದಲ ಮಳೆಗೆ ಮುಂಚೆಯೇ ಕಟ್ಟಿ, ಎಕರೆಗೆ ಎಂಟು ಹತ್ತರ ಲೆಕ್ಕದಲ್ಲಿ. ಸೊಟ್ಟ, ಕೊಳೆತ ಕಾಯಿಗಳನ್ನು ಅಲ್ಲೇ ಎಸೆಯದೆ ಆರಿಸಿ ಎರಡಡಿ ಆಳಕ್ಕೆ ಹೂಳಿ.

ಮಲಗಿದ ಸಾಲನ್ನು ಎತ್ತುವಾಗ ಅವಸರ ಬೇಡ. ಮಣ್ಣು ಇನ್ನೂ ಹಸಿ ಇರುವಾಗಲೇ, ಇಬ್ಬರು ಹಿಡಿದು, ತಂತಿಯ ಸಮೇತ ನಿಧಾನ ಎತ್ತಿ. ಒಣಗಿದ ಮೇಲೆ ಎತ್ತಿದರೆ ಬೇರು ಕಡಿಯುತ್ತದೆ. ನೀಲಗಿರಿ ಕಂಬ ಒಂದೂವರೆ ಅಡಿ ಆಳಕ್ಕೆ ಇಳಿದಿರಬೇಕು, ಎಂಟು ಹತ್ತು ಅಡಿಗೊಂದು. ಸಾಲು ಮಲಗುವುದು ಹೆಚ್ಚಾಗಿ ತುದಿಕಂಬ ಸಡಿಲವಾಗಿ ತಂತಿ ಜೋತಾಗ. ತುದಿಕಂಬಗಳಿಗೆ ಓರೆಯಾಗಿ ಊರುಗೋಲು ಕೊಡಿ, ಇಲ್ಲವೇ ಹೊರಗಡೆ ಗೂಟ ಹೊಡೆದು ಎಳೆದು ಕಟ್ಟಿ. ಮುಂದಿನ ಬೆಳೆಗೆ ನಾಟಿಗಿಂತ ಒಂದು ತಿಂಗಳು ಮುಂಚೆ ಗಾಳಿ ಬರುವ ಕಡೆ ಮೂರು ಸಾಲು ಮುಸುಕಿನ ಜೋಳ ಬಿತ್ತಿದರೆ ಗಾಳಿಗೂ ಬಿಳಿನೊಣಕ್ಕೂ ಅಡ್ಡಗೋಡೆಯಾಗುತ್ತದೆ. ಗುಡುಗು ಕೇಳಿದ ಮೇಲೆ ಕಂಬ ಸರಿಮಾಡಲು, ಬಲೆ ಬಿಚ್ಚಲು ಯಾರನ್ನೂ ಸಾಲಿಗೆ ಕಳಿಸಬೇಡಿ. ಉದ್ದಕ್ಕೂ ಎಳೆದ ತಂತಿ ಸಿಡಿಲನ್ನು ದೂರದವರೆಗೂ ಹರಿಸುತ್ತದೆ. ಹಣ್ಣು ಹೋದರೆ ಹೋಗಲಿ. ದಾಮಿನಿ ಆ್ಯಪ್ ಹತ್ತಿರದಲ್ಲಿ ಸಿಡಿಲು ಬೀಳುವ ಮುನ್ಸೂಚನೆ ಕೊಡುತ್ತದೆ, ಕೆಲಸಕ್ಕೆ ಬರುವವರ ಫೋನಿನಲ್ಲೂ ಹಾಕಿಸಿ.

ಆಲಿಕಲ್ಲು ಬಿದ್ದರೆ ಮುರಿದ ಕೊಂಬೆಯನ್ನು ಬಿಸಿಲು ಬಂದು ಎಲೆ ಒಣಗಿದ ಮೇಲೆ ಸವರಿ, ಹಸಿಯಲ್ಲಿ ಮುಟ್ಟಿದರೆ ರೋಗ ಕೈಯಿಂದ ಕೈಗೆ ಹರಡುತ್ತದೆ. ಗಾಯಗಳಿಗೆ ಅರ್ಧ ಪರ್ಸೆಂಟ್ ಬೋರ್ಡೋ ದ್ರಾವಣ ಸಾಕು: 500 ಗ್ರಾಂ ಮೈಲುತುತ್ತ 50 ಲೀಟರಿನಲ್ಲಿ, 500 ಗ್ರಾಂ ಸುಣ್ಣ ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಎರಡನ್ನೂ ಒಟ್ಟಿಗೆ ಸುರಿಯಿರಿ. ಹೊಳೆಯುವ ಕಬ್ಬಿಣದ ಮೊಳೆಯನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ತುತ್ತ ಹೆಚ್ಚಾಗಿದೆ, ಸುಣ್ಣದ ನೀರು ಇನ್ನಷ್ಟು ಸೇರಿಸಿ. ಪ್ರಮಾಣಪತ್ರ ಇರುವ ತೋಟವಾದರೆ ತಾಮ್ರದ ಬಳಕೆಗೆ ಮಿತಿಯಿದೆ, ದಾಖಲೆ ಪುಸ್ತಕದಲ್ಲಿ ಬರೆದಿಡಿ. ಟ್ರೈಕೋಡರ್ಮಾ, ಸ್ಯೂಡೋಮೊನಾಸ್ (ಉಪಕಾರಿ ಬ್ಯಾಕ್ಟೀರಿಯಾ) ಕೊಟ್ಟ ಹದಿನೈದು ದಿನದೊಳಗೆ ತಾಮ್ರ ಬೇಡ, ಅವನ್ನೇ ಕೊಂದುಬಿಡುತ್ತದೆ.

ಭರಣಿ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತು ರಾಗಿ ಹೊಲಕ್ಕೆ ಸರಿ, ನಿಂತ ತರಕಾರಿಗೆ ಅದು ಒಂದೇ ಸಂಜೆಯ ಧಾರೆ. ಎಕರೆಗೆ 40 ಮಿ.ಮೀ. ಮಳೆ ಎಂದರೆ 1.6 ಲಕ್ಷ ಲೀಟರ್. ಅದು ಹೊರಹೋಗುವ ದಾರಿಯನ್ನು ಮಣ್ಣು ಒಣಗಿರುವಾಗಲೇ ಮಾಡಿಡಬೇಕು. ಸಾಲಿನ ನಡುವಿನ ಕಾಲುವೆಗಳಲ್ಲಿ ತುಂಬಿದ ಹೂಳು ಎತ್ತಿ, ಎಲ್ಲವೂ ಒಂದು ಬಸಿಗಾಲುವೆಗೆ, ಬಸಿಗಾಲುವೆ ಕೃಷಿ ಹೊಂಡಕ್ಕೆ ಸೇರಲಿ. ಸೊರಗು ರೋಗದ ಸಾಲಿನ ನೀರು ಆರೋಗ್ಯದ ಸಾಲಿಗೆ ಹರಿಯದಂತೆ ಅಡ್ಡ ಬದು ಹಾಕಿ. ಮಳೆ ಬಂದ ಮರುದಿನ ಡ್ರಿಪ್ ಪೂರ್ತಿ ನಿಲ್ಲಿಸುವುದು ಇನ್ನೊಂದು ತಪ್ಪು. ಬಿರುಸಾದ ಸಣ್ಣ ಮಳೆ ಮೇಲಿನ ಎರಡಿಂಚು ಮಾತ್ರ ನೆನೆಸಿ ಹೋಗಿರುತ್ತದೆ, ಅರ್ಧ ಅಡಿಯ ಮಣ್ಣು ಅದುಮಿ ನೋಡಿಯೇ ತೀರ್ಮಾನಿಸಿ.

ಸಸಿಯ ವಿಚಾರ. ಈಗಲೇ ತರಬೇಡಿ. ಕೋಲಾರ ಸೀಮೆಯಲ್ಲಿ ದೊಡ್ಡ ಮಳೆ ಸೆಪ್ಟೆಂಬರ್–ಅಕ್ಟೋಬರಿನದು. ಜೂನ್‌ನಲ್ಲಿ ನೆಟ್ಟ ಟೊಮೆಟೊ ಕೊಯ್ಲಿಗೆ ಬರುವುದು ಆಗಸ್ಟ್ ಕೊನೆಗೆ, ನಡುಕೊಯ್ಲು ಆ ಮಳೆಗೇ ಸಿಕ್ಕುತ್ತದೆ. ಅದಕ್ಕೆ ಜೂನ್ ಎರಡನೇ ವಾರ ಕಾಲು ಎಕರೆಗಿಂತ ಹೆಚ್ಚು ಟೊಮೆಟೊ ನೆಡಬೇಡಿ, ಉಳಿದ ಜಾಗಕ್ಕೆ ಬೆಂಡೆ, ಅವರೆ, ರಾಗಿ ಬರಲಿ. ಟೊಮೆಟೊ ಸಸಿಗೆ 25ರಿಂದ 28 ದಿನ, ಮೆಣಸಿಗೆ 35ರಿಂದ 40 ದಿನ ಬೇಕು. ಹಾಗಾಗಿ ಮೆಣಸನ್ನು ಈ ವಾರ, ಟೊಮೆಟೊವನ್ನು ಇನ್ನೊಂದು ವಾರ ಬಿಟ್ಟು ನಿಮ್ಮಲ್ಲೇ ಟ್ರೇಗೆ ಹಾಕುವುದು ಒಳ್ಳೆಯದು. ಹೊರಗಿನ ನರ್ಸರಿ ಸಸಿಗೆ ಕೀಟನಾಶಕ ಕೊಟ್ಟಿರುವುದು ಸಾಮಾನ್ಯ, ರಾಸಾಯನಿಕದಿಂದ ಉಪಚರಿಸಿ ಬಣ್ಣ ಹಚ್ಚಿದ ಬೀಜವೂ ಸಾವಯವ ಪ್ರಮಾಣಪತ್ರಕ್ಕೆ ನಡೆಯುವುದಿಲ್ಲ, ಉಪಚರಿಸದ ಬೀಜ ಕೇಳಿ ತನ್ನಿ. ಟ್ರೇಗಳ ಮೇಲೆ 40 ಮೆಶ್ ನೈಲಾನ್ ಬಲೆ ನಾಲ್ಕೂ ಕಡೆ ನೆಲಕ್ಕೆ ತಾಗುವಂತೆ ಇರಲಿ. ಎಳೆಯ ಸಸಿಗೇ ನಂಜು ತಗುಲಿದರೆ ಆ ಗಿಡದಿಂದ ಕೊಯ್ಲಿನ ಆಸೆ ಬಿಡಬೇಕು.

ನಾಟಿಯ ಜಾಗಕ್ಕೆ ಈಗಲೇ ಗೊಬ್ಬರ ಮಾಗಿಸಿ. ಒಂದು ಟನ್ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ, ಸ್ಯೂಡೋಮೊನಾಸ್ ತಲಾ 2 ಕೆ.ಜಿ. ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ, ಹದಿನೈದು ದಿನ ಪಸೆ ಆರದಂತೆ ಇಟ್ಟು, ನಡುವೆ ಎರಡು ಸಲ ತಿರುವಿ. ಬೇರುಗಂಟು ಕಂಡ ಜಾಗಕ್ಕೆ ಬೇವಿನ ಹಿಂಡಿಯನ್ನೂ ಸೇರಿಸಿ, ಹಿಂದೆಯೇ ಒಂದು ಬೆಳೆ ಚೆಂಡುಹೂ ತೆಗೆಯಿರಿ.

ಲೋಟದ ಪರೀಕ್ಷೆಯಲ್ಲಿ ಎಳೆ ಕಾಣದೆ, ಬೇರೂ ಚೊಕ್ಕವಾಗಿದ್ದು ಗಿಡ ಬಾಡುತ್ತಲೇ ಇದ್ದರೆ, ಪೂರ್ತಿ ಬಾಡದ ಒಂದು ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಅದೇ ದಿನ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಒಣಗಿದ ಗಿಡದಿಂದ ಅವರಿಗೂ ಏನೂ ಗೊತ್ತಾಗುವುದಿಲ್ಲ.